ತಿರುಗಿ ಬಂದ ಗಿಣಿಯ ಚೀಲ

"ಗುರುಗಳೇ, ತಿರುಗಿ ಬಂದ ಇಮೇಲಿನವರ ಹೆಸರನ್ನೆಲ್ಲ ಒಂದೇ ಸಲಕ್ಕೆ ಅಳಿಸಿಹಾಕಲೇ?" ಎಂದು ಶಿಷ್ಯೆ ಕೇಳಿದಳು.

ಗುರುಗಳು ಆಗಷ್ಟೇ ಬಂದು ಅವಳ ಮನೆಯ ಕಟ್ಟೆಯ ಮೇಲೆ ಕೂತಿದ್ದರು. ಕಾಲಿನ ಧೂಳು ಇನ್ನೂ ಹೋಗಿರಲಿಲ್ಲ. ಅವರು ಒಂದೂರಿನಲ್ಲಿ ನಿಂತವರಲ್ಲ. ಹೆಗಲಿಗೊಂದು ಜೋಳಿಗೆ, ಜೋಳಿಗೆಯಲ್ಲಿ ಒಂದು ಹಳೆಯ ಲ್ಯಾಪ್‌ಟಾಪ್. ಯಾವ ಊರಿನಲ್ಲಿ ನಾಲ್ಕು ಜನ ಕಲಿಯುತ್ತೇವೆ ಎನ್ನುತ್ತಾರೋ ಆ ಊರಿನ ಚಾವಡಿಯಲ್ಲಿ ಕೂತು ಪಾಠ ಹೇಳುವರು. ಪಾಠ ಮುಗಿದ ಮೇಲೆ ಎದ್ದು ಮುಂದಿನ ಊರಿನ ದಾರಿ ಹಿಡಿಯುವರು. ಹಾಗೆ ಕೋಡ್ ಬರೆಯಲು ಕಲಿತವರಲ್ಲಿ ಈ ದಾನಮ್ಮನೂ ಒಬ್ಬಳು. ಬೇರೆ ಬೇರೆ ಊರಿನಲ್ಲಿದ್ದ ಗುರುಗಳ ಶಿಷ್ಯರನ್ನೆಲ್ಲ ಹುಡುಕಿ ಒಂದು ಬಳಗ ಕಟ್ಟಿದವಳು ಅವಳೇ. ಬಳಗಕ್ಕೆ ಒಂದು ವೆಬ್‌ಸೈಟನ್ನೂ ಮಾಡಿದ್ದಳು. ವರ್ಷಕ್ಕೊಮ್ಮೆ ಎಲ್ಲರೂ ಒಂದು ಕಡೆ ಸೇರಿ ಉಂಡು, ಮಾತಾಡಿ ಹೋಗುವುದು. ಆ ಕೂಟದ ಕರೆಯನ್ನು ವೆಬ್‌ಸೈಟೇ ಎಲ್ಲರಿಗೂ ಇಮೇಲಿನಲ್ಲಿ ಕಳಿಸುತ್ತಿತ್ತು.

"ನಾನೂ ಒಂದು ಮಾತು ಕೇಳಬೇಕೆಂದೇ ಬಂದೆ," ಎಂದರು ಗುರುಗಳು.

"ನಿಮ್ಮದು ಆಮೇಲೆ. ಮೊದಲು ನನ್ನದು," ಎಂದಳು ದಾನಮ್ಮ. "ಹೋದ ವರ್ಷದ ಕೂಟಕ್ಕೂ ನೀವು ಬರಲಿಲ್ಲ. ಎಲ್ಲಿ ತಿರುಗುತ್ತಿದ್ದಿರೋ ಏನೋ. ಬಾಗಿಲು ನೋಡಿ ನೋಡಿ ಸಾಕಾಗಿ ನಿಮ್ಮ ಪಾಲಿನ ಹೋಳಿಗೆಯನ್ನೂ ನಾವೇ ತಿಂದೆವು."

"ತಿಂದಿರಲ್ಲ, ಒಳ್ಳೆಯದಾಯಿತು. ನಾನು ಗುಡ್ಡದಾಚೆಯ ಒಂದು ಹಾಡಿಯಲ್ಲಿದ್ದೆನವ್ವ. ಅಲ್ಲಿ ಸಿಗ್ನಲ್ಲೂ ಇಲ್ಲ, ಹೋಳಿಗೆಯೂ ಇಲ್ಲ. ಇಳಿದು ಬಂದು ನೋಡಿದರೆ ನನ್ನ ಇಮೇಲಿನ ಡಬ್ಬಿ ತುಂಬಿ ತುಳುಕುತ್ತಿತ್ತು. ಸಾಲ ಬೇಕೇ, ಶರ್ಟು ಬೇಕೇ, ಕೂದಲು ಬೇಕೇ ಎನ್ನುವವರದೇ. ಗುಡಿಸಿ ಹಾಕುವಷ್ಟರಲ್ಲಿ ಸೊಂಟ ಬಿತ್ತು. ಇರಲಿ, ನಿನ್ನದು ಹೇಳು."

ದಾನಮ್ಮ ಹೇಳಿದಳು. "ನಮ್ಮ ಇಮೇಲುಗಳನ್ನು ಒಯ್ದು ಮುಟ್ಟಿಸುವುದಕ್ಕೆ ಒಂದು ಕಂಪನಿ ಇದೆ. ಒಯ್ದ ಮೇಲೆ ಅದು ಸುಮ್ಮನಿರುವುದಿಲ್ಲ. ಒಂದೊಂದು ಇಮೇಲಿಗೂ ನಮ್ಮ ವೆಬ್‌ಸೈಟಿನ ಬಾಗಿಲು ತಟ್ಟಿ ಸುದ್ದಿ ಹೇಳಿ ಹೋಗುತ್ತದೆ. ಇದು ಮುಟ್ಟಿತು, ಇದು ತಿರುಗಿ ಬಂತು ಅಂತ. ಮೊದಲನೆಯ ವರ್ಷ ನಾನು ಆ ಸುದ್ದಿಯನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ತಿರುಗಿ ಬಂದ ವಿಳಾಸಕ್ಕೇ ಮತ್ತೆ ಮತ್ತೆ ಕಳಿಸಿದೆ. ಕಂಪನಿಯವರು ಬಯ್ದರು. ಹೀಗೆ ಮಾಡಿದರೆ ನಿಮ್ಮನ್ನು ಯಾರೂ ನಂಬುವುದಿಲ್ಲ, ನಿಮ್ಮ ಕಾಗದ ಯಾರ ಮನೆಯ ಒಳಗೂ ಹೋಗುವುದಿಲ್ಲ ಎಂದರು. ಆಮೇಲೆ ಕೋಡ್ ಬರೆದೆ. ಮುಟ್ಟಿತು ಎಂದು ಸುದ್ದಿ ಬಂದರೆ ಹೆಸರು ಇರಲಿ. ತಿರುಗಿತು ಎಂದು ಬಂದರೆ ಆ ಹೆಸರಿಗೆ ಇನ್ನು ಕರೆ ಬೇಡ. ಈಗ ಹಾಗೆ ಕರೆ ನಿಂತ ಹೆಸರುಗಳು ಬಹಳ ಆಗಿವೆ. ಸುಮ್ಮನೆ ಇಟ್ಟುಕೊಂಡು ಏನು ಮಾಡಲಿ?"

"ಯಾಕೆ ತಿರುಗಿತು ಎಂದು ಆ ಸುದ್ದಿಯಲ್ಲಿ ಇರುವುದಿಲ್ಲವೇ?"

"ಇರುತ್ತದೆ. ಕೆಳಗೆ ಉದ್ದಕ್ಕೆ ಏನೇನೋ ಇರುತ್ತದೆ. ನನ್ನ ಕೋಡ್ ಮೊದಲನೆಯ ಮಾತನ್ನಷ್ಟೇ ನೋಡುತ್ತದೆ. ಬಾಗಿಲು ತಟ್ಟಿದವನಿಗೆ ಬೇಗ ಹ್ಞೂಂ ಅನ್ನಬೇಕು ಗುರುಗಳೇ. ತಡ ಮಾಡಿದರೆ ಮನೆಯಲ್ಲಿ ಯಾರೂ ಇಲ್ಲ ಅಂದುಕೊಂಡು ಅದೇ ಸುದ್ದಿ ಹೊತ್ತುಕೊಂಡು ಮತ್ತೆ ಬರುತ್ತಾನೆ. ಅಷ್ಟುದ್ದ ಕೇಳುತ್ತಾ ಕೂತರೆ ಆಗುತ್ತದೆಯೇ?"

"ಅವನನ್ನು ಬೇಗ ಕಳಿಸು, ಬೇಡ ಅನ್ನಲಿಲ್ಲ. ಅವನು ತಂದದ್ದನ್ನು ಆಮೇಲೆ ಬಿಚ್ಚಿ ನೋಡಬಹುದಲ್ಲ. ಕರೆ ನಿಂತ ಹೆಸರುಗಳು ಯಾರವು, ನೋಡಿದ್ದೀಯಾ?"

"ನೋಡಿಲ್ಲ. ಅದೆಲ್ಲ ಕೋಡೇ ನೋಡಿಕೊಳ್ಳುತ್ತದೆ."

ಗುರುಗಳು ಮಜ್ಜಿಗೆ ಕೇಳಿದರು. ಒಂದು ಲೋಟ ಕುಡಿದರು. ಇನ್ನೊಂದಕ್ಕೆ ಲೋಟ ಒಡ್ಡಿದರು. ಮೀಸೆ ಒರೆಸಿಕೊಂಡು ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ವರ್ತಕನಿದ್ದ. ಹಿತ್ತಾಳೆ ಪಾತ್ರೆಯ ವ್ಯಾಪಾರ. ಅವನಿಗೆ ಮೂವರು ಹೆಣ್ಣುಮಕ್ಕಳು. ಅವನು ತೊಟ್ಟಿಲಲ್ಲಿದ್ದಾಗಲೇ ತಾಯಿ ತೀರಿಹೋಗಿದ್ದಳು. ಅವನನ್ನು ಎತ್ತಿ ಆಡಿಸಿದವಳು, ಕೈತುತ್ತು ಹಾಕಿದವಳು, ಬೆನ್ನಿಗೆ ಗುದ್ದಿ ಬುದ್ಧಿ ಕಲಿಸಿದವಳು ಅಕ್ಕ. ಆ ಅಕ್ಕನನ್ನು ಹೊಳೆಯಾಚೆಯ ಊರಿಗೆ ಕೊಟ್ಟಿದ್ದರು.

ಆ ಸೀಮೆಯಲ್ಲಿ ಮದುವೆಗೆ ಕರೆಯುವುದು ವೀಳ್ಯದಿಂದ. ಸಣ್ಣ ಬಟ್ಟೆಯ ಚೀಲದಲ್ಲಿ ಎಲೆ, ಅಡಿಕೆ, ಒಂದು ಅರಿಸಿನದ ಕೊಂಬು ಇಟ್ಟು ಮನೆಮನೆಗೆ ಕಳಿಸಬೇಕು. ಚೀಲ ಇಟ್ಟುಕೊಂಡರೆ ಬರುತ್ತೇವೆ ಎಂದು ಅರ್ಥ. ಮದುವೆಗೆ ಬಂದವರು ಬರಿದಾದ ಚೀಲ ತಂದು ಒಪ್ಪಿಸುವರು. ಚೀಲವನ್ನು ಹಾಗೇ ತಿರುಗಿಸಿ ಕಳಿಸಿದರೆ ನಿಮಗೂ ನಮಗೂ ಮುಗಿಯಿತು ಎಂದು ಅರ್ಥ. ಇನ್ನೊಂದು ಕಟ್ಟುಪಾಡೂ ಇತ್ತು. ಮದುವೆಯ ವೀಳ್ಯವನ್ನು ಮನೆಯವರ ಕೈಗೇ ಕೊಡಬೇಕು. ಬಾಗಿಲ ಮುಂದೆ ಇಟ್ಟು ಬರುವ ಹಾಗಿಲ್ಲ. ಎಲೆ ಹೊಸ್ತಿಲ ಮೇಲೆ ಬಾಡಿದರೆ ಮದುಮಗಳಿಗೆ ಆಗಿಬರುವುದಿಲ್ಲ ಎಂದು ಜನ ನಂಬಿದ್ದರು.

ಯಾವ ಚೀಲ ಯಾರ ಮನೆಯದು ಎಂದು ತಿಳಿಯಲು ಒಂದೊಂದಕ್ಕೆ ಒಂದೊಂದು ಗುರುತು ಹೊಲಿದಿದ್ದರು. ಅಕ್ಕನ ಮನೆಯ ಚೀಲಕ್ಕೆ ಗಿಣಿ. ಅದನ್ನು ಹೊಲಿದವಳೂ ಅಕ್ಕನೇ, ಲಂಗ ಉಡುವ ವಯಸ್ಸಿನಲ್ಲಿ. ಕೊಕ್ಕು ಬಾಲದ ಕಡೆಗೆ ತಿರುಗಿಬಿಟ್ಟಿತ್ತು. ಬಿಚ್ಚಿ ಹೊಲಿ ಎಂದರೆ, ಗಿಣಿ ಬೆನ್ನು ಕೆರೆದುಕೊಳ್ಳುತ್ತಿದೆ, ನಿಮಗೇನು ಎಂದಿದ್ದಳಂತೆ.

ವೀಳ್ಯ ಒಯ್ಯಲು ಒಬ್ಬ ಮುದುಕನಿದ್ದ. ಅವನ ಕಾಲು ಗಟ್ಟಿ. ಬಾಯಿ ಅದಕ್ಕಿಂತ ಗಟ್ಟಿ. ವರ್ತಕನ ತಂದೆಯ ಕಾಲದಿಂದಲೂ ಅವನೇ ಒಯ್ಯುತ್ತಿದ್ದ. ಆ ತಂದೆ ಒಂದು ಥರದ ಮನುಷ್ಯ. ಮುಖಕ್ಕೆ ಹೊಡೆದ ಹಾಗೆ ಬೇಡ ಎಂದ ಮನೆಗೂ ಬಿಡದೆ ಕಳಿಸುತ್ತಿದ್ದ. ಕೊಡುವುದು ನನ್ನ ಧರ್ಮ ಎನ್ನುತ್ತಿದ್ದ. ಕೊನೆಗೆ ಒಬ್ಬ ರೈತ ರೋಸಿಹೋಗಿ ಮುದುಕನ ಮೇಲೆ ನಾಯಿ ಬಿಟ್ಟ. ಧೋತರದ ಅರ್ಧ ನಾಯಿಯ ಬಾಯಲ್ಲಿ, ಅರ್ಧ ಮುದುಕನ ಮೈಮೇಲೆ. ಅಲ್ಲಿಗೆ ಮುಗಿಯಲಿಲ್ಲ. ಆ ಓಣಿಯವರೆಲ್ಲ ಅವನನ್ನು ಕಂಡರೆ ಬಾಗಿಲು ಹಾಕಿಕೊಳ್ಳತೊಡಗಿದರು. ಕರೆ ಬೇಕಾದವರ ಮನೆಗೂ ಕರೆ ಹೋಗದಂತಾಯಿತು.

ಮಗ ಇದನ್ನು ನೋಡಿ ಬೆಳೆದವನು. ಯಜಮಾನಿಕೆ ಕೈಗೆ ಬಂದಾಗ ಒಂದು ಕಟ್ಟಳೆ ಮಾಡಿದ. ತನ್ನ ಹೆಸರಿನಲ್ಲಿ ಎಲ್ಲ ಮನೆಗೂ ಒಂದು ಸಲ ಕರೆ ಹೋಗಲಿ, ಆಗ ತಿರುಗಿ ಬಂದ ಚೀಲ ಮತ್ತೆ ಆ ಮನೆಗೆ ಹೋಗಕೂಡದು.

ದೊಡ್ಡ ಮಗಳ ಮದುವೆ ಗೊತ್ತಾಯಿತು. ಮುದುಕ ಚೀಲಗಳನ್ನು ಹೊತ್ತು ಹೊರಟ. ಊರೂರು ತಿರುಗಿ ಬಂದು ಅಂಗಡಿಯ ಮೆಟ್ಟಿಲ ಮೇಲೆ ಕೂತ. ಮದುವೆ ಮನೆಯೆಂದರೆ ಗೊತ್ತಲ್ಲ. ಒಂದು ಕಡೆ ಚಪ್ಪರದವರು, ಒಂದು ಕಡೆ ಅಡಿಗೆಯವರು, ನಡುವೆ ವರ್ತಕ.

"ಮೊದಲು ಕುಂಬಾರರ ಓಣಿಗೆ ಹೋದೆ ಧಣಿ," ಎಂದು ಮುದುಕ ಶುರುಮಾಡಿದ. "ಅಲ್ಲೊಂದು ಮನೆಯಲ್ಲಿ ಎಮ್ಮೆ ಈದಿತ್ತು. ಗಿಣ್ಣು ಕೊಟ್ಟರು. ಗಿಣ್ಣು ಅಂದರೆ ಅದು ಗಿಣ್ಣು. ಏಲಕ್ಕಿ ಹಾಕಿ, ಬೆಲ್ಲ ಹಾಕಿ..."

"ನಾನು ಗಿಣ್ಣು ಕೇಳಿದೆನೇ? ಕೊಟ್ಟೆಯೋ ತಿರುಗಿ ತಂದೆಯೋ, ಒಂದೇ ಮಾತು ಹೇಳು."

"ಬಹಳ ಕೊಟ್ಟೆ. ಕೆಲವು ತಿರುಗಿ ತಂದೆ. ಅದರಲ್ಲಿ ಏನಾಯಿತೆಂದರೆ..."

"ಸಾಕು. ತಿರುಗಿದ್ದನ್ನು ಇಲ್ಲಿಟ್ಟು ಕೈಕಾಲು ತೊಳೆದು ಉಣ್ಣು ಹೋಗು."

ಮುದುಕ ಚೀಲಗಳನ್ನು ಇಟ್ಟು ಹೋದ. ವರ್ತಕ ತಿರುಗಿ ನೋಡಿದ. ಮೇಲೆಯೇ ಗಿಣಿಯ ಚೀಲವಿತ್ತು. ಬಿಚ್ಚಿದರೆ ಎಲೆ ಹಾಗೇ, ಅಡಿಕೆ ಹಾಗೇ. ಅಂದು ಮದುವೆ ಮನೆಯಲ್ಲಿ ಉಣ್ಣದೆ ಉಳಿದವನು ಅವನೊಬ್ಬನೇ.

ಹೆಂಡತಿ ಬಂದು ಕೇಳಿದಳು. "ಅತ್ತಿಗೆ ಹಾಗೆ ಮಾಡುವವರೇ ಅಲ್ಲ. ಏನೋ ಆಗಿರಬೇಕು, ವಿಚಾರಿಸಿ," ಎಂದಳು.

"ವಿಚಾರಿಸುವುದೇನು? ಎಲೆ ತಿರುಗಿ ಬಂದಿದೆ. ಎಲೆ ಸುಳ್ಳು ಹೇಳುತ್ತದೆಯೇ?"

ಅಲ್ಲಿ ಬಾಸಿಂಗ ಕಟ್ಟುವುದು ಸೋದರತ್ತೆಯ ಹಕ್ಕು. ಮದುಮಗಳ ಹಣೆಗೆ ಅವಳೇ ಕಟ್ಟಬೇಕು. ದೊಡ್ಡ ಮಗಳಿಗೆ ದೂರದ ನೆಂಟಳೊಬ್ಬಳು ಕಟ್ಟಿದಳು. ಗಂಟು ಸಡಿಲವಾಗಿ ಧಾರೆಯ ಹೊತ್ತಿಗೆ ಬಾಸಿಂಗ ಮೂಗಿನ ಮೇಲೆ ಇಳಿಯಿತು. ಜನ ನಕ್ಕರು. ವರ್ತಕ ನಗಲಿಲ್ಲ.

ಎರಡನೆಯ ಮಗಳ ಮದುವೆ ಬಂತು. ಕಟ್ಟಳೆಯಂತೆ ಗಿಣಿಯ ಚೀಲ ಹೊರಡಲಿಲ್ಲ.

"ಗಿಣಿ ಕಾಣುವುದಿಲ್ಲವಲ್ಲ ಧಣಿ?" ಎಂದ ಮುದುಕ.

"ನಿನ್ನನ್ನು ಇಟ್ಟುಕೊಂಡಿರುವುದು ನಡೆಯಲು. ಮಾತಾಡಲು ಅಲ್ಲ."

ತಮ್ಮನೇ ಖುದ್ದಾಗಿ ಹೋಗಿ ಕರೆದಿರಬೇಕು, ಒಡಹುಟ್ಟಿದವಳಲ್ಲವೇ ಎಂದುಕೊಂಡು ಮುದುಕ ಸುಮ್ಮನಾದ. ಬಾಯಿ ಮುಚ್ಚಿ ನಡೆದು ಅಭ್ಯಾಸವಿಲ್ಲದ ಅವನಿಗೆ ಆ ಸಲ ಹೊಟ್ಟೆ ಉಬ್ಬರಿಸಿ ಎರಡು ದಿನ ಓಮದ ನೀರು ಕುಡಿಯಬೇಕಾಯಿತು.

ಹೊಳೆಯಾಚೆಗೆ ಅಕ್ಕನೂ ಕಾದಳು. ಕರೆಯದೆ ಹೋಗುವ ಹಾಗಿಲ್ಲ. ಹಿರಿಯಳು, ವೀಳ್ಯ ಬರದೆ ಹೊಸ್ತಿಲು ದಾಟಿದರೆ ಊರು ಆಡಿಕೊಳ್ಳುತ್ತದೆ. ಒಬ್ಬಳ ಮದುವೆ ಮುಗಿಯಿತು, ಇನ್ನೊಬ್ಬಳದೂ ಮುಗಿಯಿತು ಎಂದು ಸಂತೆಗೆ ಬಂದವರ ಬಾಯಲ್ಲಿ ಕೇಳಿದಳು. "ನನ್ನ ತಮ್ಮ ಹಿತ್ತಾಳೆ ಮಾರಿ ಮಾರಿ ಹಿತ್ತಾಳೆಯ ಹಾಗೇ ಹೊಳೆಯುತ್ತಿದ್ದಾನೆ. ಉಣ್ಣಿಸಿದ ಮಣ್ಣಿನ ಬಟ್ಟಲು ಯಾಕೆ ನೆನಪಾಗುತ್ತದೆ?" ಎಂದು ಕೇಳಿದವರಿಗೆಲ್ಲ ಹೇಳಿದಳು. ಹೇಳಿ ಒಳಗೆ ಹೋಗಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಮದುಮಕ್ಕಳಿಗೆಂದು ತಂದಿಟ್ಟಿದ್ದ ಕುಪ್ಪಸದ ಕಣಗಳನ್ನು ಮಾತ್ರ ಯಾರಿಗೂ ಕೊಡಲಿಲ್ಲ.

ಹೀಗೆ ಇಬ್ಬರೂ ಹೊಳೆಯ ಎರಡು ದಂಡೆಯಲ್ಲಿ ಕೂತು, ಅವಳು ತಿರುಗಿಸಿದಳು ಎಂದು ಇವನು, ಅವನು ಕರೆಯಲಿಲ್ಲ ಎಂದು ಅವಳು, ವರ್ಷಗಳನ್ನು ಕಳೆದರು.

ಕೊನೆಯ ಮಗಳ ಮದುವೆ ಗೊತ್ತಾಯಿತು. ಅವಳು ಹಟದ ಹುಡುಗಿ. "ಅತ್ತೆ ಬಂದು ಕಟ್ಟದಿದ್ದರೆ ನನಗೆ ಬಾಸಿಂಗವೇ ಬೇಡ," ಎಂದಳು. "ಬೋಳು ಹಣೆಯಲ್ಲೇ ಕೂರುತ್ತೇನೆ. ಮೂಗಿನ ಮೇಲೆ ಇಳಿಯುವ ಬಾಸಿಂಗ ಕಟ್ಟಿಸಿಕೊಂಡು ಅಕ್ಕನ ಹಾಗೆ ನಗೆಪಾಟಲಾಗುವವಳಲ್ಲ ನಾನು."

"ಅವಳು ಬರುವುದಿಲ್ಲ. ಎಲೆ ತಿರುಗಿಸಿದ್ದಾಳೆ," ಎಂದ ವರ್ತಕ.

"ಏನು ಹೇಳಿ ತಿರುಗಿಸಿದಳು?"

ವರ್ತಕ ಎದ್ದು ಮನೆಯ ಮುಂಭಾಗದ ಅಂಗಡಿಗೆ ಹೋಗಿ ತಕ್ಕಡಿ ಹಿಡಿದು ಕೂತ.

ಮುದುಕ ಹಿತ್ತಲ ಜಗುಲಿಯಲ್ಲಿ ಉಣ್ಣುತ್ತಿದ್ದ. ಹುಡುಗಿ ಮಜ್ಜಿಗೆ ಬಡಿಸಲು ಹೋಗಿ ಅಲ್ಲೇ ಕೂತಳು.

"ಅಜ್ಜ, ದೊಡ್ಡಕ್ಕನ ಮದುವೆಗೆ ನೀನು ಹೋದಾಗ ನನ್ನ ಅತ್ತೆ ಏನೆಂದು ಚೀಲ ತಿರುಗಿಸಿದಳು?"

ಮುದುಕ ತುತ್ತು ಅಲ್ಲೇ ನಿಲ್ಲಿಸಿದ. "ಅವಳೆಲ್ಲಿ ತಿರುಗಿಸಿದಳು ತಾಯಿ? ಬಾಗಿಲಿಗೆ ಬೀಗವಿತ್ತು. ಗಾಡಿ ಹೊಡೆದುಕೊಂಡು ಹೋಗುತ್ತಿದ್ದ ಒಬ್ಬನನ್ನು ಕೇಳಿದೆ. ಮಗಳ ಬಾಣಂತನಕ್ಕೆ ಹೋಗಿದ್ದಾಳೆ, ಎಂಟು ದಿನಕ್ಕೆ ಬರುತ್ತಾಳೆ ಎಂದ. ಮದುವೆಗೆ ಇನ್ನೂ ತಿಂಗಳಿತ್ತು. ಬೀಗ ಹಾಕಿದ ಮನೆಯ ಮುಂದೆ ವೀಳ್ಯ ಇಡುವ ಹಾಗಿಲ್ಲವಲ್ಲ. ತಂದೆ. ಅವತ್ತು ಹಾಗೆ ತಿರುಗಿ ಬಂದದ್ದು ಅದೊಂದೇ ಅಲ್ಲ. ಬಳೆಗಾರರ ಮನೆ ಬಿದ್ದುಹೋಗಿ ಗೋಡೆಯ ಮೇಲೆ ಎಕ್ಕದ ಗಿಡ ಎದ್ದಿತ್ತು. ಪಾಪ, ಆ ಮನೆಯಲ್ಲಿ ಯಾರೂ ಉಳಿದಿಲ್ಲ. ಬೇಡ ಎಂದು ಬಾಯಿ ಬಿಟ್ಟು ಹೇಳಿದವನು ಆ ನಾಯಿಯ ರೈತ ಒಬ್ಬನೇ. ನಾಯಿಯೂ ಆಗಲೇ ಮುದಿಯಾಗಿತ್ತು, ಬೊಗಳುವುದಕ್ಕೂ ಎದ್ದೇಳಲಿಲ್ಲ."

ಒಳಗೆ ತಕ್ಕಡಿಯ ಸದ್ದು ನಿಂತಿತು. ವರ್ತಕ ಬಾಗಿಲಿಗೆ ಬಂದ.

"ಇದನ್ನು ಅಂದೇ ಯಾಕೆ ಹೇಳಲಿಲ್ಲ?"

"ಗಿಣ್ಣಿನಿಂದ ಶುರುಮಾಡಿದ್ದೆ ಧಣಿ," ಎಂದ ಮುದುಕ. "ಬೀಗದವರೆಗೆ ನೀವು ಬಿಡಲಿಲ್ಲ."

ವರ್ತಕ ಒಳಗೆ ಹೋಗಿ ಪೆಟ್ಟಿಗೆ ತೆಗೆದ. ಗಿಣಿಯ ಚೀಲವನ್ನು ಅವನು ಎಸೆದಿರಲಿಲ್ಲ. ಕಟ್ಟಳೆ ಮಾಡಿದವನಿಗೂ ಅಷ್ಟು ಕಲ್ಲೆದೆ ಇರಲಿಲ್ಲ. ಅದರೊಳಗೆ ಎಲೆ ಒಣಗಿ ಪುಡಿಯಾಗಿತ್ತು. ಕೊಡವಿದ. ಹೊಸ ಎಲೆ ತುಂಬಿದ. ಒಂದು ಮದುವೆಯದಲ್ಲ, ಮೂರು ಮದುವೆಯ ಎಲೆ ಅಡಿಕೆ ತುಂಬಿದ. ಚೀಲದ ಹೊಲಿಗೆ ಬಿರಿಯುವ ಹಾಗಾಯಿತು. ಮುದುಕ ಕೈ ಒರೆಸಿಕೊಂಡು ಎದ್ದು ನಿಂತ. "ನೀನು ಉಣ್ಣು," ಎಂದ ವರ್ತಕ. ತಾನೇ ಹೊಳೆ ದಾಟಿದ.

ಅಕ್ಕ ಅಂಗಳದಲ್ಲಿ ಜೋಳ ಕೇರುತ್ತಿದ್ದಳು. ತಲೆ ಬೆಳ್ಳಗಾಗಿತ್ತು. ಬಂದವನನ್ನು ಕಂಡಳು. ಮೊರ ನಿಲ್ಲಲಿಲ್ಲ.

"ಏನು ಸಾಹುಕಾರರು ದಾರಿ ತಪ್ಪಿದಿರಾ? ಇದು ಬಡವರ ಓಣಿ. ಹಿತ್ತಾಳೆ ಕೊಳ್ಳುವವರು ಇಲ್ಲಿಲ್ಲ."

ಅವನು ಚೀಲವನ್ನು ಅವಳ ಮುಂದಿಟ್ಟ. ಅವಳ ಕಣ್ಣು ಗಿಣಿಯ ಮೇಲೆ ಬಿತ್ತು. ಮೊರ ನಿಂತಿತು.

"ಯಾರ ಮದುವೆಯದು ಇದು?"

"ಮೂವರದೂ ಅಕ್ಕ."

"ಹುಚ್ಚ. ಮೊದಲಿನ ಇಬ್ಬರೂ ಮಕ್ಕಳ ತಾಯಂದಿರಾಗಿಲ್ಲವೇನೋ? ಇನ್ನೇನು ಕಟ್ಟಲಿ ಅವರಿಗೆ?"

"ಅವರನ್ನೂ ಕರೆಸುತ್ತೇನೆ. ಸಾಲಾಗಿ ಕೂರಿಸುತ್ತೇನೆ. ಕಟ್ಟು."

ಆಮೇಲೆ ಅವನು ಬೀಗದ ವಿಷಯ ಹೇಳಿದ. ತಲೆ ತಗ್ಗಿಸಿ ಹೇಳಿದ. ಅಕ್ಕ ಕೇಳುತ್ತಾ ಕೇಳುತ್ತಾ ನಕ್ಕಳು, ನಗುತ್ತಾ ಅತ್ತಳು. ಅಳು ನಿಂತ ಮೇಲೆ ಚಿಕ್ಕಂದಿನ ಹಾಗೆ ಅವನ ಬೆನ್ನಿಗೊಂದು ಗುದ್ದಿದಳು.

"ಬೀಗ ಕಂಡು ತಿರುಗಿದ ಚೀಲ ನೋಡಿ ಅಕ್ಕನ ಮನೆಯೇ ಮುಗಿಯಿತು ಅಂದುಕೊಂಡೆಯಲ್ಲೋ. ಬಿದ್ದ ಮನೆಗೆ ಯಾರು ಬೀಗ ಹಾಕುತ್ತಾರೆ? ಬೀಗ ಇದೆ ಅಂದರೆ ಅದನ್ನು ತೆಗೆಯಲು ಬರುವವಳು ಒಬ್ಬಳು ಇದ್ದಾಳೆ ಅಂತ ತಾನೇ?"

ಅಕ್ಕ ರೊಟ್ಟಿ ಬಡಿದಳು. ಅವನು ಉಂಡ. ಎಷ್ಟೋ ಮದುವೆಯೂಟ ಮಾಡಿಸಿದ ಮನುಷ್ಯ, ಗಿಣಿಯ ಚೀಲ ತಿರುಗಿ ಬಂದ ದಿನದಿಂದ ಬಾಕಿಯಿದ್ದ ಹಸಿವನ್ನೆಲ್ಲ ಅಲ್ಲಿ ಕೂತು ತೀರಿಸಿದ.

ಮದುವೆಯ ದಿನ ಮೂರು ಬಾಸಿಂಗ ಕಟ್ಟಿದ್ದಾಯಿತು. ದೊಡ್ಡವಳ ಕಂಕುಳಲ್ಲಿ ಒಂದು ಕೂಸು, ನಡುವಿನವಳ ಮಡಿಲಲ್ಲಿ ಒಂದು. ಕೂಸುಗಳು ತಾಯಂದಿರ ಬಾಸಿಂಗ ಹಿಡಿದು ಎಳೆದವು. ಅಕ್ಕನ ಗಂಟು ಜಗ್ಗಲಿಲ್ಲ. ವರ್ತಕ ಕಟ್ಟಳೆಯನ್ನು ಪೂರ್ತಿ ಬಿಡಲಿಲ್ಲ. ಬೇಡ ಎಂದ ರೈತನ ಮನೆಗೆ ಆಮೇಲೂ ಎಲೆ ಕಳಿಸಲಿಲ್ಲ. ಬೇಡ ಎಂದವನನ್ನು ಅವನ ಪಾಡಿಗೆ ಬಿಡುವುದೂ ಒಂದು ಮರ್ಯಾದೆ. ಎಕ್ಕ ಬೆಳೆದ ಮನೆಯ ಚೀಲವನ್ನು ಮಡಿಸಿ ಇಟ್ಟ. ಬೀಗ ಬಿದ್ದ ಮನೆಗೆ ಮಾತ್ರ ಎಂಟು ದಿನ ಬಿಟ್ಟು ಇನ್ನೊಮ್ಮೆ ಕಳಿಸುತ್ತಿದ್ದ, ಆಗಲೂ ಬೀಗವಿದ್ದರೆ ಮತ್ತೊಮ್ಮೆ. ಮುದುಕ ತಿರುಗಿ ಬಂದಾಗ ಅವನಿಗೊಂದು ಚಾಪೆ ಹಾಸಿ ಕೂರಿಸಿ ಎಲ್ಲವನ್ನೂ ಕೇಳುತ್ತಿದ್ದ. ಗಿಣ್ಣಿನ ಹತ್ತಿರ ಬಂದಾಗ ಒಂದಿಷ್ಟು ತೂಕಡಿಸುತ್ತಿದ್ದನಂತೆ. ಬೀಗ ಎಂದ ಕೂಡಲೇ ಎಚ್ಚರಾಗುತ್ತಿದ್ದ.

ಗುರುಗಳು ಕತೆ ನಿಲ್ಲಿಸಿ ಲೋಟದ ತಳದಲ್ಲಿ ಉಳಿದ ಮಜ್ಜಿಗೆ ಕುಡಿದರು.

ದಾನಮ್ಮ ಒಳಗಿನಿಂದ ಲ್ಯಾಪ್‌ಟಾಪ್ ತಂದು ಕಟ್ಟೆಯ ಮೇಲೆ ಬಿಚ್ಚಿದಳು. ತನ್ನ ಕೋಡ್ ತೆರೆದಳು. ಕಂಪನಿಯವರು ಹೇಳಿಹೋದ ಒಂದು ಹಳೆಯ ಸುದ್ದಿಯನ್ನು ಬಿಡಿಸಿ, ಮೊದಲ ಸಲ ಕೊನೆಯವರೆಗೆ ಓದಿದಳು.

"ಇದೆ ಗುರುಗಳೇ," ಎಂದಳು. "ಇಂಥ ವಿಳಾಸವೇ ಇಲ್ಲ ಅಂತ ಕೆಲವಕ್ಕೆ ಇದೆ. ಅದು ಎಕ್ಕ ಬೆಳೆದ ಮನೆ. ನನಗೆ ಕಳಿಸಬೇಡಿ ಎಂದು ದೂರು ಕೊಟ್ಟವರೂ ಇದ್ದಾರೆ. ಅದು ನಾಯಿಯ ಮನೆ. ಡಬ್ಬಿ ತುಂಬಿದೆ, ಆಮೇಲೆ ಬನ್ನಿ ಅಂತ ಕೆಲವಕ್ಕೆ ಇದೆ. ಅದು..."

"ಅದು ಏನು?"

"ಬೀಗ," ಎಂದಳು ದಾನಮ್ಮ. "ಮೂರನ್ನೂ ನನ್ನ ಕೋಡ್ ಒಂದೇ ಬುಟ್ಟಿಗೆ ಹಾಕಿದೆ."

"ಕೋಡ್ ಹಾಕಿತೋ, ನೀನು ಹಾಕಿದೆಯೋ?"

"ನಾನೇ ಹಾಕಿದೆ ಬಿಡಿ. ನೀವು ಬಯ್ಯಬೇಕೆಂದಿದ್ದರೆ ನೇರವಾಗಿಯೇ ಬಯ್ಯಬಹುದಿತ್ತು. ಹಿತ್ತಾಳೆ ಅಂಗಡಿಯವರೆಗೆ ಯಾಕೆ ಕರೆದುಕೊಂಡು ಹೋದಿರಿ?"

"ನೇರವಾಗಿ ಬಯ್ದರೆ ನೀನು ಮಜ್ಜಿಗೆ ಕೊಡುತ್ತಿರಲಿಲ್ಲ."

ದಾನಮ್ಮ ನಕ್ಕಳು. ನಾಲ್ಕು ಸಾಲು ಅಳಿಸಿದಳು. ಹೊಸದಾಗಿ ಬರೆಯತೊಡಗಿದಳು. ಬಾಗಿಲು ತಟ್ಟಿದವನಿಗೆ ಕೂಡಲೇ ಹ್ಞೂಂ ಎನ್ನುವುದು, ಅವನು ತಂದದ್ದನ್ನು ಒಂದು ಕಡೆ ತೆಗೆದಿಡುವುದು, ಬಿಡುವಾದಾಗ ಕೊನೆಯವರೆಗೆ ಓದುವುದು. ಅದೇ ಸುದ್ದಿಯನ್ನು ಎರಡು ಸಲ ತಂದಿದ್ದರೆ ಒಂದೇ ಸಲ ಲೆಕ್ಕಕ್ಕೆ ಹಿಡಿಯುವುದು. ಗುರುಗಳು ಕಣ್ಣು ಕಿರಿದು ಮಾಡಿ ಪರದೆ ನೋಡುತ್ತಿದ್ದರು. ಒಂದು ಕಡೆ ಬೆರಳಿಟ್ಟರು. ಅಲ್ಲೊಂದು ಅಲ್ಪವಿರಾಮ ಬಿಟ್ಟುಹೋಗಿತ್ತು. ಅವಳು ಸರಿಮಾಡಿದಳು.

"ಇನ್ನು ಮುಂದೆ ಡಬ್ಬಿ ತುಂಬಿದವರಿಗೆ ಎಂಟು ದಿನ ಬಿ‍ಟ್ಟು ಮತ್ತೆ ಹೋಗುತ್ತದೆ," ಎಂದಳು. "ಆದರೆ ಈಗಾಗಲೇ ಕರೆ ನಿಂತವರನ್ನು ಒಬ್ಬೊಬ್ಬರನ್ನಾಗಿ ತೆಗೆದು ನೋಡುವುದು ಬೇಡ ಅನ್ನಿಸುತ್ತದೆ ಗುರುಗಳೇ. ಬಹಳ ಕೆಲಸ. ಕೂಟದ ಮೇಲೆ ಅಷ್ಟು ಪ್ರೀತಿ ಇದ್ದವರು ಕರೆ ಬರದಿದ್ದರೆ ಸುಮ್ಮನಿರುತ್ತಾರೆಯೇ? ತಾವಾಗಿಯೇ ಬಂದು ಕೇಳುವುದಿಲ್ಲವೇ?"

ಗುರುಗಳು ಲೋಟ ಕೆಳಗಿಟ್ಟರು. ಜೋಳಿಗೆಯನ್ನು ಹೆಗಲಿಗೆ ಏರಿಸಿಕೊಂಡರು.

"ಅದನ್ನೇ ಕೇಳಲು ಬಂದೆನವ್ವ, ಈ ವರ್ಷದ ಕೂಟ ಯಾವತ್ತು?"